ರಾತ್ರಿ ಪಾಠ ಬಿಟ್ಟು ಹಗಲಿನ ವಿದ್ಯಾರ್ಥಿಯನ್ನು ಹುಡುಕಿದ್ದು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು ಶಾಲಿನಿ ಎಂದು ಕರೆಯೋಣ. ವಯಸ್ಸು 34. ಇಂಗ್ಲಿಷ್ ಎಂ.ಎ., ಬಿ.ಎಡ್. ಉಡುಪಿಗೂ ಬ್ರಹ್ಮಾವರಕ್ಕೂ ನಡುವಿನ ಊರು. ಮನೆಯಲ್ಲಿ ಅತ್ತೆ ಮತ್ತು ಎರಡನೇ ತರಗತಿಯ ಮಗಳು, ಗಂಡ ಕುವೈತಿನಲ್ಲಿ. ಅನುದಾನರಹಿತ ಪ್ರೌಢಶಾಲೆಯಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದವರು, ಮಗಳ ಉಬ್ಬಸ ಜೋರಾದಾಗ ಕೆಲಸ ಬಿಟ್ಟಿದ್ದರು. ಆಮೇಲೆ ಮನೆಯಿಂದಲೇ ವಿದೇಶದವರಿಗೆ ಆನ್‌ಲೈನ್ ಪಾಠ.

"ನಿದ್ದೆ ಬರುದಿಲ್ಲ ಮೇಡಂ. ಬಂದ್ರೂ ನಾಲ್ಕು ಗಂಟೆಗೆ ಎದ್ದು ಕೂತ್ಕೊಳ್ಬೇಕು. ಮಗು ಏನಾದ್ರೂ ಕೇಳಿದ್ರೆ ಬೈದು ಬಿಡ್ತೇನೆ. ನನ್ನ ಇಂಗ್ಲಿಷೇ ಸಾಲುದಿಲ್ಲ ಅಂತ ಕಾಣ್ತದೆ."

ಅವರ ವೇಳಾಪಟ್ಟಿ ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತು. ರಾತ್ರಿ ಹತ್ತೂವರೆಗೆ ಮತ್ತು ಹನ್ನೊಂದೂವರೆಗೆ ಬ್ರೆಜಿಲಿನ ಇಬ್ಬರು. ಬೆಳಗ್ಗೆ ನಾಲ್ಕೂವರೆಗೆ ಅಮೆರಿಕದ ಪೂರ್ವ ಭಾಗದಲ್ಲಿರುವ ಒಬ್ಬರು, ಹೋಟೆಲ್ ಕೆಲಸ ಮುಗಿಸಿ ಕಲಿಯಲು ಕೂರುವವರು. ಏಳಕ್ಕೆ ಮಗಳ ಟಿಫಿನ್. ನಿದ್ದೆ ಎರಡು ತುಂಡಾಗಿ ಹೋಗಿ, ಒಟ್ಟು ಸೇರಿಸಿದರೂ ಐದು ಗಂಟೆ ದಾಟುತ್ತಿರಲಿಲ್ಲ. ಇದರ ಮೇಲೆ, ಒಬ್ಬ ವಿದ್ಯಾರ್ಥಿ ವಿಮರ್ಶೆಯಲ್ಲಿ "ಪಾಠ ಚೆನ್ನಾಗಿದೆ, ಉಚ್ಚಾರ ಇಂಡಿಯನ್" ಎಂದು ಬರೆದಿದ್ದ. ಆ ಒಂದು ಸಾಲನ್ನೇ ಹಿಡಿದುಕೊಂಡು, ಸೋಲಿಗೆಲ್ಲ ಉಚ್ಚಾರವೇ ಕಾರಣ ಎಂದು ಶಾಲಿನಿ ನಂಬಿದ್ದರು. ಯಾವುದೋ ಸಂಸ್ಥೆಯ ದುಬಾರಿ ಟೆಫಲ್ (ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅದನ್ನು ಕಲಿಸುವ ತರಬೇತಿ) ಸರ್ಟಿಫಿಕೇಟಿಗೆ ಹಣ ಕಟ್ಟಲೂ ಹೊರಟಿದ್ದರು.

ಮೊದಲ ಭೇಟಿಯಲ್ಲಿ ಹೇಳಿದ್ದು ಎರಡೇ. ಸರ್ಟಿಫಿಕೇಟಿಗೆ ಈಗ ಹಣ ಕಟ್ಟಬೇಡಿ. ಕಳೆದ ತಿಂಗಳ ಪ್ರತಿಯೊಂದು ತರಗತಿ, ತಯಾರಿ, ಮೆಸೇಜು, ನಿದ್ದೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ.

ಗಂಟೆಗೆ ನಿಜವಾಗಿ ಎಷ್ಟು?

ನೋಟ್‌ಬುಕ್ಕಿನ ಲೆಕ್ಕ ಹೀಗಿತ್ತು. 50 ನಿಮಿಷದ ಪಾಠಕ್ಕೆ 6 ಡಾಲರ್. ಅವರು ಸೇರಿದ್ದ, ಶಿಕ್ಷಕರಿಗೆ ವಿದ್ಯಾರ್ಥಿಗಳನ್ನು ಹುಡುಕಿಕೊಡುವ ಆನ್‌ಲೈನ್ ವೇದಿಕೆಯ ಕಮಿಷನ್ ಶುರುವಿನಲ್ಲಿ ಶೇ. 33, ಕಲಿಸಿದ ಗಂಟೆ ಹೆಚ್ಚಾದಂತೆ ಅದು ಇಳಿಯುತ್ತದೆ. ಹೊಸ ವಿದ್ಯಾರ್ಥಿಯ ಮೊದಲ ಪ್ರಯೋಗ ಪಾಠದ ಹಣ ಪೂರ್ತಿ ವೇದಿಕೆಗೇ. ಅಂದರೆ ಒಂದು ಪಾಠಕ್ಕೆ ಕೈಗೆ ಬಂದದ್ದು 4.02 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದರೆ ಸುಮಾರು 340 ರೂಪಾಯಿ. ತಿಂಗಳಿಗೆ 40 ಪಾಠ, 13,600 ರೂಪಾಯಿ ಚಿಲ್ಲರೆ.

ಗಂಟೆಗೆ ನಾನೂರು ಸಿಗುತ್ತಿದೆ ಎಂದು ಅವರು ಅಂದುಕೊಂಡಿದ್ದರು. ಆದರೆ ಪಾಠದ 33 ಗಂಟೆಯ ಜೊತೆ ತಯಾರಿಗೆ 20 ಗಂಟೆ, ಹಣವಿಲ್ಲದ 12 ಪ್ರಯೋಗ ಪಾಠಕ್ಕೆ 10, ಮೆಸೇಜು ಮತ್ತು ಹೋಮ್‌ವರ್ಕ್ ತಿದ್ದಲು 8. ಒಟ್ಟು 71 ಗಂಟೆ. ಗಂಟೆಗೆ 190 ರೂಪಾಯಿಯ ಆಸುಪಾಸು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಗಂಟೆ ಮಲಗಬೇಕಾದ ಹೊತ್ತಿನದು.

ಈ ಅಂಕಿ ಕಂಡು ಅವರು ಅತ್ತರು. ಅದನ್ನು ತಡೆಯಲಿಲ್ಲ. ಉಚ್ಚಾರದ ಬಗ್ಗೆ ಪಟ್ಟ ನಾಚಿಕೆಯಲ್ಲಿ, ದರ ಇಳಿಸಿದರೆ ಮಾತ್ರ ತನ್ನನ್ನು ಯಾರಾದರೂ ಆರಿಸುತ್ತಾರೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಕಡಿಮೆ ದರ ಆದ್ದರಿಂದ ಹೆಚ್ಚು ಪಾಠ, ಹೆಚ್ಚು ಪಾಠ ಆದ್ದರಿಂದ ರಾತ್ರಿ, ರಾತ್ರಿ ಆದ್ದರಿಂದ ಸುಸ್ತು, ಸುಸ್ತಿನಲ್ಲಿ ಪಾಠ ಸೊರಗಿ ವಿದ್ಯಾರ್ಥಿ ನಿಲ್ಲುತ್ತಿರಲಿಲ್ಲ. ಇಲ್ಲಿ ಮೊದಲು ಬದಲಾಗಬೇಕಾದದ್ದು ಇಂಗ್ಲಿಷೂ ಅಲ್ಲ, ದರವೂ ಅಲ್ಲ. ಹೊತ್ತು.

ಹೊತ್ತು ಮೊದಲು, ದೇಶ ಆಮೇಲೆ

ಮಗಳು ಶಾಲೆಗೆ ಹೋಗುವುದು ಎಂಟೂವರೆಗೆ, ಬರುವುದು ನಾಲ್ಕಕ್ಕೆ. ಅಡುಗೆ, ಊಟ ಕಳೆದು ಶಾಲಿನಿಗೆ ನಿಶ್ಚಿಂತೆಯಾಗಿ ಸಿಗುವುದು ಬೆಳಗ್ಗೆ 9ರಿಂದ 12, ಮಧ್ಯಾಹ್ನ 1.30ರಿಂದ 3.30. ಸಂಜೆ ಅತ್ತೆ ಮಗುವನ್ನು ನೋಡಿಕೊಂಡರೆ 5.30ರಿಂದ 7.30. ಈ ಮೂರು ತುಂಡುಗಳನ್ನು ಕಾಗದದಲ್ಲಿ ಬರೆದು, ಆ ಹೊತ್ತಿಗೆ ಯಾವ ದೇಶದಲ್ಲಿ ಯಾರು ಬಿಡುವಾಗಿರುತ್ತಾರೆ ಎಂದು ನೋಡಿದೆವು.

ಜಪಾನ್, ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಬೆಳಗ್ಗೆ 9 ಅಲ್ಲಿ 12.30: ಗೃಹಿಣಿಯರು, ನಿವೃತ್ತರು, ಕಾಲೇಜಿನವರು. ನಮ್ಮ 1.30 ಅಲ್ಲಿ ಸಂಜೆ ಐದು: ಶಾಲೆ ಬಿಟ್ಟ ಮಕ್ಕಳು. ದುಬೈ ನಮಗಿಂತ ಒಂದೂವರೆ ಗಂಟೆ, ಕುವೈತ್ ಮತ್ತು ಸೌದಿ ಎರಡೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮ 5.30 ದುಬೈಯಲ್ಲಿ ನಾಲ್ಕು. ಬ್ರೆಜಿಲ್ ಎಂಟೂವರೆ ಗಂಟೆ ಹಿಂದೆ. ಶಾಲಿನಿಯ ಮನೆಗೆ ಅದು ಹೊಂದುವ ದೇಶವೇ ಅಲ್ಲ. ಮದುವೆಯಾಗದೆ ಮಂಗಳೂರಿನಲ್ಲಿ ರೂಮು ಮಾಡಿಕೊಂಡಿರುವ, ರಾತ್ರಿ ಒಂದರವರೆಗೆ ಹೇಗೂ ಎಚ್ಚರವಿರುವ ಹುಡುಗನಿಗೆ ಹೊಂದಬಹುದು.

ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕದಲ್ಲಿ ಮಾರ್ಚಿನ ಎರಡನೇ ಮತ್ತು ನವೆಂಬರಿನ ಮೊದಲ ಭಾನುವಾರ ಗಡಿಯಾರ ಬದಲಾಗುತ್ತದೆ. ಮಾರ್ಚಿನಲ್ಲಿ ಅವರು ಒಂದು ಗಂಟೆ ಮುಂದೆ ಹೋದಾಗ ನಾವು ಹಳೆಯ ಹೊತ್ತಿಗೆ ಕೂತರೆ ಪಾಠ ಮುಗಿದೇ ಹೋಗಿರುತ್ತದೆ. ಜಪಾನ್, ಕೊರಿಯಾ, ಗಲ್ಫ್ ದೇಶಗಳಲ್ಲಿ ಈ ತಾಪತ್ರಯ ಇಲ್ಲ.

ಒಂದೇ ದೇಶ ಸಾಕಲ್ಲವೇ ಎಂದು ಶಾಲಿನಿ ಕೇಳಿದ್ದು ಸಹಜ. 2021ರ ಜುಲೈಯಲ್ಲಿ ಚೀನಾ, ವಿದೇಶದಲ್ಲಿ ಕೂತ ಶಿಕ್ಷಕರಿಂದ ತನ್ನ ಮಕ್ಕಳಿಗೆ ಪಾಠ ಹೇಳಿಸುವ ಕಂಪನಿಗಳ ವ್ಯವಹಾರಕ್ಕೆ ತಡೆ ಹಾಕಿತು. ಆ ಒಂದು ದೇಶವನ್ನೇ ನಂಬಿದ್ದವರ ಆದಾಯ ಕೆಲವೇ ತಿಂಗಳುಗಳಲ್ಲಿ ನಿಂತಿತು. ಎರಡು ಕಡೆ ಇರಲಿ ಎಂದು ಜಪಾನಿನ ವಯಸ್ಕರು ಮತ್ತು ಗಲ್ಫಿನಲ್ಲಿರುವ ನಮ್ಮ ಜಿಲ್ಲೆಯವರ ಮಕ್ಕಳು ಎಂದು ನಿಶ್ಚಯಿಸಿದೆವು. ಸಿಬಿಎಸ್ಇ 6ರಿಂದ 8ನೇ ತರಗತಿಯ ಓದು–ಬರಹ, ತಲಾ ನಾಲ್ಕು ಮಕ್ಕಳ ಎರಡು ಗುಂಪು. ಗಲ್ಫಿನ ಮಕ್ಕಳಿಗೆ ಜಾಹೀರಾತೇ ಬೇಕಾಗಲಿಲ್ಲ. ಗಂಡನ ಪರಿಚಯದ ಮೂರು ಮನೆಗಳಿಂದ ಶುರುವಾಯಿತು.

ಪಾಠದ ಒಳಗೆ ಕಂಡದ್ದು

ಒಬ್ಬ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಒಂದು ಪಾಠ ರೆಕಾರ್ಡ್ ಮಾಡಿ, ಯಾರು ಎಷ್ಟು ನಿಮಿಷ ಮಾತಾಡಿದರು ಎಂದು ಅಳೆಯಲು ಹೇಳಿದ್ದೆ. 50ರಲ್ಲಿ 38 ನಿಮಿಷ ಶಾಲಿನಿಯದೇ ಮಾತು. ತರಗತಿಯಲ್ಲಿ ಅರುವತ್ತು ಮಕ್ಕಳ ಮುಂದೆ ನಿಂತವರಿಗೆ ಈ ಅಭ್ಯಾಸ ಬಂದಿರುತ್ತದೆ. ಆದರೆ ಮಾತಾಡಲು ಹಣ ಕೊಟ್ಟು ಬಂದ ವಯಸ್ಕನಿಗೆ ಟೆನ್ಸ್ ಪಾಠ ಬೇಡ, ಬಾಯಿಬಿಡಲು ಜಾಗ ಬೇಕು. ಪ್ರಯೋಗ ಪಾಠಕ್ಕೆ ಬಂದವರು ನಿಲ್ಲದ್ದಕ್ಕೆ ಇದು ಉಚ್ಚಾರಕ್ಕಿಂತ ಎಷ್ಟೋ ದೊಡ್ಡ ಕಾರಣ.

ಹೊಸ ಅಳತೆ ಇದು: ವಿದ್ಯಾರ್ಥಿ ಕನಿಷ್ಠ 30 ನಿಮಿಷ ಮಾತಾಡಬೇಕು. ಶುರುವಿಗೆ ಐದು ನಿಮಿಷ ಲೋಕಾಭಿರಾಮ, ಹದಿನೈದು ನಿಮಿಷ ಸಣ್ಣ ಓದು, ಇಪ್ಪತ್ತು ನಿಮಿಷ ಒಂದು ಕೆಲಸ: ಹೋಟೆಲಿಗೆ ಫೋನ್ ಮಾಡುವುದು, ಆಫೀಸಿನಲ್ಲಿ ತಡವಾದ ಕೆಲಸಕ್ಕೆ ಕಾರಣ ಹೇಳುವುದು. ನಡುವೆ ತಪ್ಪು ತಿದ್ದಲು ಬಾಯಿ ಹಾಕಬಾರದು. ಬರೆದಿಟ್ಟುಕೊಂಡು, ಕೊನೆಯ ಹತ್ತು ನಿಮಿಷದಲ್ಲಿ ಮೂರೇ ತಪ್ಪು ಆರಿಸಿ, ಚಾಟ್‌ನಲ್ಲಿ ಟೈಪ್ ಮಾಡಿ, ಅವರ ಬಾಯಿಂದಲೇ ಸರಿಯಾಗಿ ಹೇಳಿಸಬೇಕು. ಪ್ರಯೋಗ ಪಾಠದಲ್ಲಿ ಯಾಕೆ ಕಲಿಯುತ್ತೀರಿ ಎಂದು ಕೇಳಿ, ಹತ್ತು ನಿಮಿಷ ಮಾತಾಡಿಸಿ ಮಟ್ಟ ನೋಡಿ, ಕೊನೆಗೆ ಎಂಟು ವಾರದ ಯೋಜನೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಡುವುದು. ಆ ನಾಲ್ಕು ಸಾಲಿಗಾಗಿಯೇ ಬಹಳ ಮಂದಿ ನಿಲ್ಲುತ್ತಾರೆ.

ಜಪಾನಿನವರ ಮೌನಕ್ಕೆ ಶಾಲಿನಿ ಮೊದಮೊದಲು ಗಾಬರಿಪಟ್ಟರು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಏಳರವರೆಗೆ ಎಣಿಸಿ ಎಂದೆ. ಹೆಚ್ಚಿನ ಸಲ ಉತ್ತರ ಐದಕ್ಕೇ ಬರುತ್ತದೆ. ಅವರಿಗೆ ಲ–ರ ವ್ಯತ್ಯಾಸ ಕಷ್ಟ, ಮತ್ತು ವ್ಯಂಜನದ ಕೊನೆಗೆ ಸ್ವರ ಸೇರಿಸುವ ರೂಢಿ. ಬಸ್ ಅಲ್ಲಿ 'ಬಸು', ಡ್ರಾಮಾ ಅಲ್ಲಿ 'ದೊರಾಮಾ'. ಬಸ್ಸು, ಕಾರು ಎನ್ನುವ ನಮಗೆ ಈ ತಪ್ಪು ಎಲ್ಲಿಂದ ಬರುತ್ತದೆಂದು ವಿವರಿಸಬೇಕಾಗಿಲ್ಲ. ಅದನ್ನು ತಿದ್ದಿಕೊಂಡು ಬಂದ ಟೀಚರಿಗೆ, ತಿದ್ದಿಸುವ ದಾರಿಯೂ ಗೊತ್ತಿರುತ್ತದೆ.

ಉಚ್ಚಾರದ ವಿಷಯದಲ್ಲಿ ಅಮೆರಿಕನ್ ಧಾಟಿಯ ನಟನೆ ಬೇಡವೇ ಬೇಡ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಜಾರುತ್ತದೆ, ಹೇಳುವವರೂ ಕೇಳುವವರೂ ದಣಿಯುತ್ತಾರೆ. ಪ್ರೊಫೈಲಿನ ಮೊದಲ ಸಾಲಿನಲ್ಲೇ 'ಭಾರತದವಳು, ಒಂಬತ್ತು ವರ್ಷ ಶಾಲಾ ಶಿಕ್ಷಕಿ' ಎಂದು ಬರೆಯಲು ಹೇಳಿದೆ. ಕೆಲಸದಲ್ಲಿ ಭಾರತದ ಎಂಜಿನಿಯರುಗಳ ಜೊತೆ ಮಾತಾಡಬೇಕಾದವರು ಅದನ್ನು ನೋಡಿಯೇ ಬರುತ್ತಾರೆ. ಅಭ್ಯಾಸಕ್ಕೆ ಮೂರೇ ಅಂಶ: ತುಟಿ ಗುಂಡಗೆ ಮಾಡುವ ಡಬ್ಲ್ಯು ಮತ್ತು ಹಲ್ಲು ತಾಗುವ ವಿ, 'ಯೆವೆರಿ', 'ವೋನ್ಲಿ' ಎಂದು ಪದದ ಮುಂದೆ ಸೇರುವ ಯ ಮತ್ತು ವ, ಮತ್ತೆ ಪದದಲ್ಲಿ ಒತ್ತು ಬೀಳುವ ಜಾಗ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ಫೊಟಾಗ್ರಫಿಯಲ್ಲಿ ಎರಡನೆಯದಕ್ಕೆ. ದಿನಕ್ಕೆ ಹತ್ತು ನಿಮಿಷ ಸಾಕು.

ಟೆಫಲ್ ಹೆಸರಿನ 120 ಗಂಟೆಯ ಕೋರ್ಸುಗಳ ಗುಣಮಟ್ಟ ಒಂದೊಂದರದು ಒಂದೊಂದು ಥರ. ಕೇಂಬ್ರಿಜ್‌ನ ಸೆಲ್ಟಾ ಎಂಬ ಶಿಕ್ಷಕರ ತರಬೇತಿಯಲ್ಲಿ ಆರು ಗಂಟೆ ನಿಜವಾದ ಪಾಠ ಮಾಡಿಸಿ ಮೌಲ್ಯಮಾಪನ ಮಾಡುತ್ತಾರೆ, ಖರ್ಚೂ ಹಾಗೆಯೇ. ಬಿ.ಎಡ್. ಮತ್ತು ಒಂಬತ್ತು ವರ್ಷದ ಅನುಭವ ಇರುವವರಿಗೆ ಮೊದಲ ವರ್ಷ ಎರಡೂ ಬೇಕಾಗಿಲ್ಲ.

ಕರೆಂಟು, ಮಳೆ, ಬಾಗಿಲು

ಜೂನ್ ಬಂದರೆ ನಮ್ಮ ಕಡೆ ತಂತಿಯ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು ಇದ್ದದ್ದೇ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ರೂಟರಿಗೆ ಇರುವುದಿಲ್ಲ. ಪಾಠ ನಿಲ್ಲುವುದು ಅಲ್ಲಿ. ರೂಟರಿಗೆ ಚಿಕ್ಕ ಯುಪಿಎಸ್ ತರಿಸಿಕೊಳ್ಳುವಾಗ ರೂಟರ್ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಬೇಕು. ಸಾಮಾನ್ಯವಾಗಿ 12 ವೋಲ್ಟ್. ಫೈಬರ್ ಒಂದು ಕಂಪನಿಯದಾದರೆ ಫೋನಿನ ಹಾಟ್‌ಸ್ಪಾಟ್ ಇನ್ನೊಂದು ಕಂಪನಿಯದಿರಲಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಾಠ ಕೇಳುವುದೇ ಇಲ್ಲ, ಆದ್ದರಿಂದ ತಾರಸಿ ಅಥವಾ ಹಂಚಿನ ಒಳಕೋಣೆ, ಬಾಯಿಯ ಹತ್ತಿರ ಮೈಕ್ ಬರುವ ಹೆಡ್‌ಸೆಟ್. ಹಣ ಕೊಡದ ಜೂಮ್ 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್‌ನಲ್ಲಿ ಮೂವರಿಗಿಂತ ಹೆಚ್ಚಿನ ಗುಂಪಿಗೂ ಒಂದು ಗಂಟೆ ಸಿಗುತ್ತದೆ.

ಅತ್ತೆಯವರನ್ನು ಮೂರನೇ ಭೇಟಿಗೆ ಕರೆಸಿದೆವು. "ಬಾಗ್ಲು ಹಾಕಿ ಕೂತು ಯಾರ ಹತ್ರ ಮಾತಾಡುದು ಅಂತ ಗೊತ್ತಾಗುದಿಲ್ಲ ಮೇಡಂ. ಅಕ್ಕಪಕ್ಕದವ್ರು ಕೇಳಿದ್ರೆ ನಾನು ಎಂತ ಹೇಳುದು?" ಅವರ ಕಷ್ಟ ಅನುಮಾನದ್ದಲ್ಲ, ತಿಳಿಯದ್ದು. ಪಾಠದ ಹೊತ್ತು ಮತ್ತು ವಿದ್ಯಾರ್ಥಿಯ ಊರನ್ನು ಬರೆದ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ತೂಗುಹಾಕಿದರು. ನಾಗರಪಂಚಮಿ, ಅಷ್ಟಮಿ–ವಿಟ್ಲಪಿಂಡಿ, ಮನೆಯ ತಿಥಿ, ಊರಿನ ಕೋಲದ ದಿನಗಳನ್ನು ಅತ್ತೆಯೇ ಗುರುತು ಹಾಕಿಕೊಟ್ಟರು. ವಿದ್ಯಾರ್ಥಿಗಳಿಗೆ ತಿಂಗಳ ಮೊದಲೇ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ. ಸಂಜೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳುವುದೂ ದುಡಿಮೆಯೇ ಎಂದು ಶಾಲಿನಿ ಅವರ ಎದುರೇ ಹೇಳಿದರು. ಅದು ಹೇಳಬೇಕಾದ ಮಾತಾಗಿತ್ತು.

ಮಕ್ಕಳ ಗುಂಪಿಗೆ ಒಂದು ಕಡ್ಡಾಯ ನಿಯಮ: ಮಗುವಿನ ಜೊತೆ ಖಾಸಗಿ ಮೆಸೇಜು ಇಲ್ಲ. ಹೋಮ್‌ವರ್ಕಿನಿಂದ ಹಿಡಿದು ಎಲ್ಲವೂ ತಂದೆ ಅಥವಾ ತಾಯಿ ಇರುವ ವಾಟ್ಸ್ಯಾಪ್ ಗುಂಪಿನಲ್ಲೇ.

ಹಣ

ವೇದಿಕೆಯ ಮೂಲಕವಲ್ಲದೆ ನೇರ ಬಂದ ವಿದ್ಯಾರ್ಥಿಗಳಿಂದ ತಿಂಗಳ ಶುಲ್ಕ ಮುಂಗಡ. 24 ಗಂಟೆ ಮೊದಲು ತಿಳಿಸಿದರೆ ಬದಲಿ ಪಾಠ, ಇಲ್ಲದಿದ್ದರೆ ಇಲ್ಲ. ಗಲ್ಫಿನ ಹೆಚ್ಚಿನ ತಂದೆತಾಯಂದಿರು ತಮ್ಮ ಎನ್ಆರ್‌ಇ (ಅನಿವಾಸಿ ಭಾರತೀಯರ) ಖಾತೆಯಿಂದ ರೂಪಾಯಿಯಲ್ಲೇ ಹಾಕುತ್ತಾರೆ. ಅದು ಶಾಲಿನಿಯದೇ ಹೆಸರಿನ ಪ್ರತ್ಯೇಕ ಖಾತೆಗೆ ಬರಬೇಕು, ಗಂಡನ ಖಾತೆಗಲ್ಲ. ವಿದೇಶಿ ಹಣ ಬರುವಾಗ ಬ್ಯಾಂಕು ಪರ್ಪಸ್ ಕೋಡ್ (ಹಣ ಯಾವ ಕೆಲಸಕ್ಕೆ ಬಂತೆಂದು ಹೇಳುವ ಸಂಕೇತ) ಕೇಳುತ್ತದೆ. ಶೈಕ್ಷಣಿಕ ಸೇವೆಗೆ ಪಿ1107. ಬ್ಯಾಂಕಿನ ಇನ್‌ವರ್ಡ್ ರೆಮಿಟೆನ್ಸ್ ಸೂಚನೆ ಮತ್ತು ತಿಂಗಳ ಬಿಲ್ಲನ್ನು ಫೈಲಿನಲ್ಲಿಡಬೇಕು. ಇಲ್ಲೇ ವಾಸಿಸುವವರಿಗೆ ವಿದೇಶದಿಂದ ಬಂದ ಗಳಿಕೆಗೂ ಆದಾಯ ತೆರಿಗೆ ನಿಯಮ ಅನ್ವಯ. 2025–26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟಿನಿಂದ ತೆರಿಗೆ ಸೊನ್ನೆಯಾಗುತ್ತದೆ, ಆದರೆ ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು. ಕೆಲವು ವೃತ್ತಿಯವರಿಗೆಂದು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ 44ಎಡಿಎ ಕಲಮಿನ ಅಡಿ ಅರ್ಧ ಆದಾಯ ತೋರಿಸಿದರೆ ಸಾಕೆಂದು ಯಾರೋ ಹೇಳಿದ್ದರಂತೆ. ಆ ಕಲಮಿನ ವೃತ್ತಿಗಳ ಪಟ್ಟಿಯಲ್ಲಿ ಬೋಧನೆ ಇಲ್ಲ. ಸಿಎ ಒಬ್ಬರನ್ನು ಕಂಡು ಕೇಳಲು ಕಳಿಸಿದೆ.

ಶಾಲಿನಿಗೆ ಒಂದು ಮೆಸೇಜು ಬಂದಿತ್ತು: ಮಗನಿಗೆ ಮೂರು ತಿಂಗಳ ಪಾಠ, ಪೂರ್ತಿ ಹಣ ಮುಂಗಡ, ಹೆಚ್ಚಿಗೆ ಬಂದದ್ದನ್ನು ಕಾರ್ ಡ್ರೈವರನ ಖಾತೆಗೆ ಹಾಕಿ ಎಂದು. ಇದು ಹಳೆಯ ಮೋಸ. ಮೊದಲ ಪಾವತಿ ಆಮೇಲೆ ರದ್ದಾಗುತ್ತದೆ, ನಾವು ಕಳಿಸಿದ್ದು ಮಾತ್ರ ಹೋಗಿರುತ್ತದೆ. ಕದ್ದ ಹಣವಾಗಿದ್ದರೆ ಖಾತೆಯೇ ಸ್ಥಗಿತವಾಗಬಹುದು. ಉತ್ತರಿಸದೆ ಬಿಡುವುದು, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ವೇದಿಕೆಯಲ್ಲಿ ಸಿಕ್ಕ ವಿದ್ಯಾರ್ಥಿಯನ್ನು ಹೊರಗೆ ಎಳೆದುಕೊಳ್ಳುವುದನ್ನೂ ಬೇಡ ಎಂದೆ. ಒಪ್ಪಿದ ಕರಾರು ಮುರಿದಂತೆ, ಪ್ರೊಫೈಲೂ ಹೋಗುತ್ತದೆ.

ಮೂರು ತಿಂಗಳ ಬಳಿಕ

ರಾತ್ರಿಯ ಮೂವರಿಗೂ ಎರಡು ವಾರದ ನೋಟಿಸು ಕೊಟ್ಟು ಬಿಟ್ಟರು. ದರ 10 ಡಾಲರಿಗೆ ಏರಿತು. ಜಪಾನಿನ ನಾಲ್ವರಿಂದ ತಿಂಗಳಿಗೆ 30 ಪಾಠ, ಈಗ ಇಳಿದಿರುವ ಕಮಿಷನ್ ಕಳೆದು 18,000 ರೂಪಾಯಿಯಷ್ಟು. ಗಲ್ಫಿನ ಎಂಟು ಮಕ್ಕಳಿಗೆ ತಿಂಗಳಿಗೆ ಎಂಟು ತರಗತಿ, ತಲಾ 2,000ದಂತೆ 16,000. ತಯಾರಿ ಸೇರಿ 61 ಗಂಟೆ, ಗಂಟೆಗೆ 550ರ ಮೇಲೆ. ಹತ್ತೂವರೆಗೆ ಮಲಗಿ ಐದೂಮುಕ್ಕಾಲಕ್ಕೆ ಏಳುತ್ತಾರೆ. ಮೊದಲ ಮೂರು ವಾರ ನಾಲ್ಕಕ್ಕೆ ಎಚ್ಚರವಾಗುತ್ತಲೇ ಇತ್ತು. ಏಳುವ ಹೊತ್ತು ಬದಲಿಸದೆ, ಮಧ್ಯಾಹ್ನ ಮೂರು ಗಂಟೆಯ ಬಳಿಕ ಕಾಫಿ ಬಿಟ್ಟ ಮೇಲೆ ಸರಿಹೋಯಿತು. ಮನಸ್ಸು ಕುಗ್ಗಿದ್ದು ನಿದ್ದೆಯ ಜೊತೆಗೇ ಹಗುರಾದ ಕಾರಣ ಮನೋವೈದ್ಯರ ಬಳಿ ಕಳಿಸಬೇಕಾಗಲಿಲ್ಲ. ಎರಡು ವಾರ ಇಡೀ ದಿನ ಮಂಕು ಕವಿದಿದ್ದರೆ, ಬದುಕು ಬೇಡ ಅನಿಸಿದರೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಬಾಕಿ ಉಳಿದದ್ದು ಜುಲೈ–ಆಗಸ್ಟ್. ಗಲ್ಫಿನಲ್ಲಿ ಆಗ ರಜೆ, ಆ ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ. ಜಪಾನಿನಲ್ಲೂ ಆಗಸ್ಟ್ ಮಧ್ಯದಲ್ಲಿ ಓಬೋನ್ ಹಬ್ಬದ ರಜೆ. ಎರಡೂ ಒಟ್ಟಿಗೆ ಬಂದರೆ ಆ ತಿಂಗಳ ಗಳಿಕೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅದಕ್ಕೆ ಈಗಿನಿಂದಲೇ ತಿಂಗಳಿಗೆ 4,000 ರೂಪಾಯಿ ಆರ್‌ಡಿ ಕಟ್ಟುತ್ತಿದ್ದಾರೆ. ರಜೆಗೆ ಬಂದ ಮಕ್ಕಳಿಗೆ ಬ್ರಹ್ಮಾವರದಲ್ಲೇ ಮೂರು ವಾರದ ಬರವಣಿಗೆ ಶಿಬಿರ ಮಾಡಬಹುದೇ ಎಂಬುದು ಮುಂದಿನ ಭೇಟಿಯ ವಿಷಯ. ಜಾಗದ ಬಾಡಿಗೆ ವಿಚಾರಿಸಿ ಬರಲು ಹೇಳಿದ್ದೇನೆ.