ದ್ರಾಕ್ಷಿ ತೋಟಕ್ಕೆ ಎಟಿವಿ: ಸಿಸಿ ಆಮೇಲೆ, ಮೊದಲು ಹತ್ತಿ ನಿಂತು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಆರು ಎಕರೆ ದ್ರಾಕ್ಷಿ, ಪಕ್ಕದಲ್ಲಿ ಸ್ವಲ್ಪ ಎರೆ ಹೊಲ. ತೋಟದೊಳಗೆ ಓಡಾಡಲು, ಸಾಮಾನು ಸಾಗಿಸಲು ಎಟಿವಿ, ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ, ತಗೋಬೇಕು. ನಿಮ್ಮ ಎತ್ತರ 5 ಅಡಿ 2 ಇಂಚು, ತೂಕ 54 ಕೆಜಿ. ಅಣ್ಣ 6 ಅಡಿ, 92 ಕೆಜಿ. ಇಬ್ಬರೂ ಓಡಿಸುತ್ತೀರಿ, ಆದರೆ ಜಾಸ್ತಿ ನೀವೇ. 570 ಸಿಸಿಯ ದೊಡ್ಡ ಗಾಡಿ ತಗೋಬೇಕಾ, ಸಣ್ಣದು ಸಾಕಾ? ನೀವು ಓಡಿಸುವ ರೀತಿಗೆ ಎಂಥದು ಸರಿ?

ನಾನು ಬಬಲೇಶ್ವರ ಕಡೆಯವನು. ನಮ್ಮ ತೋಟದಲ್ಲೂ ಇಂಥದೊಂದು ಗಾಡಿ ಇದೆ, ದಿನಾ ಓಡುತ್ತದೆ. ನನ್ನ ಉತ್ತರ: ನಿಮ್ಮ ಮೈಗೆ ಹೊಂದುವ ಗಾಡಿ ತಗೊಳ್ಳಿ. ಅಣ್ಣ ಅದಕ್ಕೆ ಹೊಂದಿಕೊಳ್ಳಲಿ. ದೊಡ್ಡವರು ಸ್ವಲ್ಪ ಸಣ್ಣ ಗಾಡಿ ಓಡಿಸಿದರೆ ಮೊಣಕಾಲು ನೋಯುತ್ತದೆ, ಅಷ್ಟೇ. ಸಣ್ಣವರು ತಮಗಿಂತ ದೊಡ್ಡ ಗಾಡಿ ಓಡಿಸಿದರೆ ಗಾಡಿಯೇ ಅವರನ್ನು ಓಡಿಸುತ್ತದೆ.

ಯಾಕೆ ಅಂದರೆ, ಬೈಕ್ ತಿರುವಿನಲ್ಲಿ ತಾನೇ ವಾಲುತ್ತದೆ. ಎಟಿವಿ ವಾಲುವುದಿಲ್ಲ, ಅದರ ಬದಲು ನೀವು ವಾಲಬೇಕು. ತಿರುವಿನಲ್ಲಿ ಒಳಗಡೆಗೆ, ಏರು ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ. ಸೀಟು ಅಷ್ಟು ಉದ್ದ ಇರುವುದು ಇದಕ್ಕೇ. ನಮ್ಮ ಜನ ಅದನ್ನು ನೋಡಿ ಹಿಂದೆ ಒಬ್ಬರನ್ನು ಕೂರಿಸುತ್ತಾರೆ. ಇಬ್ಬರಿಗೆ ಅಂತಲೇ ಮಾಡಿದ ಮಾಡೆಲ್ ಬೇರೆ ಇದೆ, ಉಳಿದವುಗಳಲ್ಲಿ ಹಿಂದಿನವರು ಕೂತರೆ ನಿಮಗೆ ಸರಿಯಲು ಜಾಗವೇ ಇರುವುದಿಲ್ಲ.

ಈಗ ಲೆಕ್ಕ ನೋಡಿ. 570 ವರ್ಗದ ಗಾಡಿ ಸುಮಾರು 320 ಕೆಜಿ ತೂಗುತ್ತದೆ. ಅಣ್ಣನ 92 ಕೆಜಿ ಅದರ ಕಾಲು ಭಾಗಕ್ಕಿಂತ ಜಾಸ್ತಿ. ಅವರು ಒಂದು ಕಡೆಗೆ ಸರಿದರೆ ಗಾಡಿಗೆ ಗೊತ್ತಾಗುತ್ತದೆ. ನಿಮ್ಮ 54 ಕೆಜಿ ಆರನೇ ಒಂದು ಪಾಲು ಮಾತ್ರ. ಅದೇ ಒಡ್ಡು, ಅದೇ ವೇಗ, ಆದರೆ ನಿಮ್ಮ ಕೈಯಲ್ಲಿರುವ ಹಿಡಿತ ಕಡಿಮೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರು ಎಚ್‌ಪಿ ಹೇಳುತ್ತಾರೆ.

ಹಾಗಾದರೆ ಅಳತೆ ನೋಡುವುದು ಹೇಗೆ? ಗಾಡಿ ಹತ್ತಿ ಕೂರಿ. ಪಾದ ಎರಡೂ ಫುಟ್‌ರೆಸ್ಟ್ ಮೇಲೆ ಪೂರ್ತಿ ಕೂರಬೇಕು. ಮೊಣಕಾಲು ಹೆಚ್ಚುಕಡಿಮೆ ಲಂಬಕೋನದಷ್ಟು ಬಾಗಿರಬೇಕು. ಆಮೇಲೆ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ. ಸೀಟಿಗೂ ನಿಮಗೂ 3ರಿಂದ 6 ಇಂಚು ಅಂತರ ಇರಬೇಕು. ಅಂತರವೇ ಇಲ್ಲ ಅಂದರೆ ಗಾಡಿ ನಿಮಗೆ ಎತ್ತರ ಆಯಿತು: ಗುಂಡಿಯಲ್ಲಿ ಸೀಟು ಮೇಲಕ್ಕೆ ಎಗರಿ ನಿಮ್ಮನ್ನು ಎತ್ತಿ ಹಾಕುತ್ತದೆ. ತೀರಾ ಜಾಸ್ತಿ ಇದ್ದರೆ ಗಾಡಿ ಸಣ್ಣದು.

ಮುಂದಿನದನ್ನು ಯಾರೂ ಮಾಡುವುದಿಲ್ಲ, ನೀವು ಖಂಡಿತ ಮಾಡಿ. ಬೆನ್ನು ಮುಂದಕ್ಕೆ ಬಗ್ಗಿಸದೆ ಹ್ಯಾಂಡಲ್ ಅನ್ನು ಎಡಕ್ಕೆ ಕೊನೆವರೆಗೆ ತಿರುಗಿಸಿ, ಆಮೇಲೆ ಬಲಕ್ಕೆ. ಹೊರಗಡೆಯ ಕೈ ಪೂರ್ತಿ ಚಾಚಿಕೊಂಡು ಹಿಡಿ ತಪ್ಪುವಂತಾದರೆ ಆ ಗಾಡಿ ಬೇಡ. ಸಾಲಿನ ತುದಿಯಲ್ಲಿ ದಿನಕ್ಕೆ ಎಷ್ಟು ಸಲ ಅಷ್ಟು ತಿರುಗಿಸುತ್ತೀರಿ ಅಂತ ಯೋಚಿಸಿ. ಹಿಡಿ ಹಿಡಿದುಕೊಂಡೇ ಬೆರಳು ಚಾಚಿದರೆ ನಡುಬೆರಳಿನ ತುದಿ ಗೆಣ್ಣು ಬ್ರೇಕ್ ಲಿವರ್ ದಾಟಿ ಆಚೆ ಹೋಗಬೇಕು. ಬಲಗಾಲಿನ ಹಿಮ್ಮಡಿ ಎತ್ತದೆ ಕಾಲಿನ ಬ್ರೇಕ್ ಒತ್ತಲು ಬರಬೇಕು. ಆಕ್ಸಿಲರೇಟರ್ ಬೈಕಿನ ಹಾಗೆ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಲ್ಲಿ ಒತ್ತುವುದು. ಸಣ್ಣ ಕೈಯವರಿಗೆ ಅರ್ಧ ಗಂಟೆಯಲ್ಲೇ ಬೆರಳು ಸೋಲುತ್ತದೆ. ಅಂಗಡಿಯ ಮುಂದೆ ಒಂದು ಸುತ್ತು ಹೊಡೆದರೆ ಇದು ಗೊತ್ತಾಗುವುದಿಲ್ಲ, ಜಾಸ್ತಿ ಹೊತ್ತು ಕೇಳಿ ಓಡಿಸಿ.

ದ್ರಾಕ್ಷಿ ತೋಟಕ್ಕೇ ಸೇರಿದ ಒಂದು ಅಳತೆ ಇದೆ, ಅದು ತಲೆಯ ಎತ್ತರ. ಈ ಗಾಡಿಗಳ ಸೀಟು ನೆಲದಿಂದ ಸುಮಾರು 34 ಇಂಚು. 6 ಅಡಿ ಆಳು ಹೆಲ್ಮೆಟ್ ಹಾಕಿ ಕೂತರೆ ತಲೆ 6 ಅಡಿ ದಾಟುತ್ತದೆ. ನಿಮ್ಮ ಹಂದರದ ತಂತಿ ಎಷ್ಟು ಎತ್ತರದಲ್ಲಿದೆ, ಗೊನೆ ಎಷ್ಟು ಕೆಳಗೆ ಇಳಿಬೀಳುತ್ತದೆ, ಟೇಪ್ ಹಿಡಿದು ನೋಡಿ. ಅಣ್ಣ ಚಪ್ಪರದ ಕೆಳಗೆ ಕುತ್ತಿಗೆ ಬಗ್ಗಿಸಿಕೊಂಡೇ ಹೋಗಬೇಕಾಗಬಹುದು. ನಿಂತು ಓಡಿಸುವ ಮಾತಂತೂ ಇಲ್ಲ. ಅಂದರೆ ಏಟೆಲ್ಲಾ ಸೀಟಿನ ಮೂಲಕ ಬೆನ್ನಿಗೇ ಬರುತ್ತದೆ. ಅದಕ್ಕೇ ನಿಮ್ಮಂಥ ತೋಟಕ್ಕೆ ಹಿಂದಿನ ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇರುವ ಗಾಡಿ ಒಳ್ಳೆಯದು. ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿ ಅಗ್ಗ, ರಿಪೇರಿ ಸುಲಭ, ಭಾರ ಹಾಕಿದರೆ ಕುಸಿಯುವುದೂ ಕಡಿಮೆ. ಆದರೆ ಗಟ್ಟಿ ನೆಲದಲ್ಲಿ ತಿರುಗಿಸಲು ಮೈ ಬಳಸಬೇಕು. ನಿಮಗೆ ಅದು ಕಷ್ಟ.

ಅಗಲದ ಚಿಂತೆ ಬೇಡ. ಗಾಡಿ ಸುಮಾರು 4 ಅಡಿ, ನಮ್ಮ ಕಡೆ ಸಾಲು 9-10 ಅಡಿ ಇರುತ್ತದೆ.

ಭಾರದ ವಿಷಯಕ್ಕೆ ಬರೋಣ. ಪೋಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570ಯ ಮುಂದಿನ ರ‍್ಯಾಕ್ 41 ಕೆಜಿ, ಹಿಂದಿನದು 82 ಕೆಜಿ ಹೊರುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಹಾಗಾಗಿ 100 ಲೀಟರ್ ಔಷಧಿ ಟ್ಯಾಂಕ್ ಹಿಂದೆ ಇಟ್ಟರೆ ಟ್ಯಾಂಕಿನ ತೂಕ ಬಿಟ್ಟೇ ಮಿತಿ ಮೀರಿತು. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು, ಒಡ್ಡಿನ ಮೇಲೆ ನೀರು ಒಂದೇ ಕಡೆಗೆ ನುಗ್ಗುತ್ತದೆ. ಗಾಡಿ ಹೊರುವ ಒಟ್ಟು ಭಾರದ ಮಿತಿಯಲ್ಲಿ ಸವಾರನ ತೂಕವೂ ಸೇರಿರುತ್ತದೆ. ಅಣ್ಣ ಕೂತಾಗ ನಿಮಗಿಂತ 38 ಕೆಜಿ ಕಡಿಮೆ ಸಾಮಾನು ಅಂತ ಲೆಕ್ಕ ಹಾಕಿ. ಸುಗ್ಗಿಯಲ್ಲಿ ಕ್ರೇಟ್‌ಗಳನ್ನು ಒಣದ್ರಾಕ್ಷಿ ಶೆಡ್ಡಿಗೆ ಸಾಗಿಸಲು ರ‍್ಯಾಕ್ ನಂಬಬೇಡಿ, ಸಣ್ಣ ಟ್ರೇಲರ್ ಹಾಕಿ. ಅದೇ ಗಾಡಿ ರ‍್ಯಾಕ್ ಹೊರುವುದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ.

ಓಡಿಸುವ ರೀತಿಯ ಬಗ್ಗೆಯೂ ಕೇಳಿದ್ದೀರಿ. ನಿಮ್ಮದು ನಿಧಾನ, ನಿಂತು ನಿಂತು ಹೋಗುವ ಕೆಲಸ. ಇದಕ್ಕೆ ಬೆಲ್ಟ್ ಇರುವ ಆಟೋಮ್ಯಾಟಿಕ್ ಸಾಕು, ಆದರೆ ಭಾರ ಎಳೆಯುವಾಗ ಲೋ ಗೇರ್‌ಗೆ ಹಾಕಿ. ಹೈ ಗೇರ್‌ನಲ್ಲಿ ನಿಧಾನಕ್ಕೆ ಎಳೆದರೆ ಬೆಲ್ಟ್ ಸುಡುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಲ್ಲಿ ರೇಡಿಯೇಟರ್, ಫ್ಯಾನ್ ಇರುವ ಎಂಜಿನ್ ಬೇಕೇ ಬೇಕು. ಖಾನಾಪುರದ ಗುಡ್ಡದ ಕಡೆಯವರಾಗಿದ್ದರೆ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ವೇಗ ತಡೆಯುವುದು) ಹೇಗಿದೆ ಅಂತ ಮೊದಲು ಕೇಳಿ ಅನ್ನುತ್ತಿದ್ದೆ. ತಿಕೋಟಾದಲ್ಲಿ ನಿಮಗೆ ಸಿಗುವ ಏರು ಅಂದರೆ ಒಡ್ಡು, ಹಳ್ಳದ ದಂಡೆ. ಎರಡನ್ನೂ ನೇರ ಹತ್ತಿ, ನೇರ ಇಳಿಯಿರಿ. ಓರೆಯಾಗಿ ದಾಟಿದರೆ ಗಾಡಿ ಮಗುಚುವುದು ಜಾಸ್ತಿ.

ಮಗುಚಿದರೆ ಅದು ಸವಾರನ ಮೇಲೇ ಬೀಳಬಹುದು. ಆಸ್ಟ್ರೇಲಿಯಾದಲ್ಲಿ ಹೊಲದ ಕೆಲಸಕ್ಕೆ ಇವನ್ನು ತುಂಬಾ ಬಳಸುತ್ತಾರೆ. ಅಲ್ಲಿ 2021ರ ಅಕ್ಟೋಬರ್‌ನಿಂದ ಮಾರುವ ಹೊಸ ಗಾಡಿಗೆ ಹಿಂದೆ ರಕ್ಷಣಾ ಕಮಾನು ಕಡ್ಡಾಯ ಮಾಡಿದರು. ಹೋಂಡಾ, ಯಮಹಾದಂಥ ಕಂಪನಿಗಳು ಅದನ್ನು ಒಪ್ಪದೆ ಆ ಮಾರುಕಟ್ಟೆಯನ್ನೇ ಬಿಟ್ಟವು. ನನ್ನನ್ನು ಕೇಳಿದರೆ ಕಮಾನು ಇರಲಿ. ಆದರೆ ಹಂದರದ ಎತ್ತರಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ.

ಎರೆ ಮಣ್ಣಿನ ವಿಷಯ ನಿಮಗೆ ಹೊಸದಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಔಷಧಿ ಹೊಡೆಯುವುದು ಜಾಸ್ತಿ, ಮಳೆಯೂ ಆಗಲೇ. ಟೈರಿನ ಸಂದುಗಳಲ್ಲಿ ಮಣ್ಣು ಕಟ್ಟಿಕೊಂಡರೆ ಫೋರ್ ವೀಲ್ ಡ್ರೈವ್ ಇದ್ದೂ ಸುಮ್ನೆ ಜಾರುತ್ತದೆ. ಮೇಲೆದ್ದ ರಬ್ಬರ್ ಗುಬ್ಬಿಗಳ ನಡುವೆ ಅಂತರ ಜಾಸ್ತಿ ಇರುವ ಟೈರ್ ಹಾಕಿಸಿ. ಗಾಳಿ 5ರಿಂದ 7 ಪಿಎಸ್‌ಐ ಅಷ್ಟೇ. ಪಂಪಿನ ಮೀಟರ್ ಅಷ್ಟು ಕಡಿಮೆ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಒಂದು ಇಟ್ಟುಕೊಳ್ಳಿ. ಬೈಕಿನ ಹಾಗೆ 30 ತುಂಬಿಸಿದರೆ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ, ಹಗುರ ಸವಾರರಿಗೆ ಇನ್ನೂ ಜಾಸ್ತಿ.

ಒಂದು ಮಾತು ಕೇಳದಿದ್ದರೂ ಹೇಳುತ್ತೇನೆ. ನಿಮ್ಮಲ್ಲಿ ಟ್ರ್ಯಾಕ್ಟರ್ ಇಲ್ಲ ಅಂದರೆ ಎಟಿವಿ ಬೇಡ. ಇದಕ್ಕೆ ಪಿಟಿಒ (ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡ) ಇರುವುದಿಲ್ಲ, ದ್ರಾಕ್ಷಿಗೆ ಔಷಧಿ ಹೊಡೆಯುವ ಬ್ಲೋವರ್ ಇದರಿಂದ ಓಡುವುದಿಲ್ಲ. ಆಗ ವಿಎಸ್‌ಟಿ ಅಥವಾ ಕುಬೋಟಾದ ಸಣ್ಣ ಟ್ರ್ಯಾಕ್ಟರೇ ಸರಿ. ಟ್ರ್ಯಾಕ್ಟರ್ ಇದ್ದು, ಓಡಾಟಕ್ಕೆ ಮಾತ್ರ ಬೇಕು ಅಂದರೆ ಎಟಿವಿಗೆ ಅರ್ಥ ಇದೆ. ಇಬ್ಬರೂ ಒಟ್ಟಿಗೆ ಹೋಗುವುದೇ ಜಾಸ್ತಿ ಅಂದರೆ ಸ್ಟೀರಿಂಗ್ ಚಕ್ರ, ಸೀಟ್ ಬೆಲ್ಟ್, ಮೇಲೆ ಕಂಬಿ ಇರುವ, ಪಕ್ಕಪಕ್ಕ ಕೂರುವ ಸೈಡ್ ಬೈ ಸೈಡ್ ಗಾಡಿ ನೋಡಿ. ಅದರಲ್ಲಿ ಮೈತೂಕದ ಆಟ ಇಲ್ಲ, ಸೀಟು ಸರಿಸಿಕೊಂಡರೆ ಆಯಿತು. ಆದರೆ ಬೆಲೆ ಜಾಸ್ತಿ.

ರಸ್ತೆ ದಾಟಿ ಇನ್ನೊಂದು ಹೊಲಕ್ಕೆ ಹೋಗಬೇಕಾ? ಹಾಗಾದರೆ ನೋಂದಣಿ ಬೇಕು. ಬಹಳಷ್ಟು ಎಟಿವಿಗಳಿಗೆ ಅದು ಸಿಗುವುದಿಲ್ಲ, ಖಾಸಗಿ ಜಾಗಕ್ಕೆ ಮಾತ್ರ ಅಂತ ಮಾರುತ್ತಾರೆ. ಸ್ಪೋರ್ಟ್ಸ್‌ಮನ್ 570ಯ ಟ್ರ್ಯಾಕ್ಟರ್ ಆವೃತ್ತಿ, 34 ಎಚ್‌ಪಿಯದು, ಕೃಷಿ ಟ್ರ್ಯಾಕ್ಟರ್ ಅಂತ ಮಂಜೂರಾಗಿ ಬಂದಿತ್ತು. ಆ ಒಂದು ಕಾರಣಕ್ಕೆ ನೀವು 570 ಕಡೆ ವಾಲಿದರೆ ನಾನು ಬೇಡ ಅನ್ನುವುದಿಲ್ಲ, ಮೇಲಿನ ಅಳತೆಯಲ್ಲಿ ನೀವು ಪಾಸಾದರೆ ಮಾತ್ರ.

ರಸ್ತೆ ಬೇಡ ಅಂದರೆ 400ರಿಂದ 450 ಸಿಸಿ, ಪವರ್ ಸ್ಟೀರಿಂಗ್, ಬೇರೆ ಬೇರೆ ಸಸ್ಪೆನ್ಷನ್. ಹ್ಯಾಂಡಲ್ ಎತ್ತರ ಮೊದಲು ನಿಮಗೆ ಹೊಂದಿಸಿ. ಇನ್ನು ಮನೆಯಲ್ಲಿ ಹುಡುಗರಿದ್ದರೆ ಕೀಲಿ ಗಾಡಿಯಲ್ಲೇ ಬಿಡಬೇಡಿ. ಇಂಥ ಗಾಡಿ 16 ವರ್ಷದೊಳಗಿನವರಿಗೆ ಅಲ್ಲ ಅಂತ ಕಂಪನಿಯವರೇ ಮೇಲೆ ಚೀಟಿ ಅಂಟಿಸಿರುತ್ತಾರೆ.