ಪಾದ ಎತ್ತಲು ಆಗುತ್ತಿಲ್ಲ, ಇನ್ನೂ ಎಷ್ಟು ದಿನ ಕರೆಂಟ್ ಕೊಡಿಸಬೇಕು?

ಪ್ರಶ್ನೆ: ಒಂದು ತಿಂಗಳಿಂದ ನಮ್ಮ ಯಜಮಾನರಿಗೆ ಬಲ ಪಾದ ಮೇಲೆತ್ತಲು ಆಗುತ್ತಿಲ್ಲ. ನಡೆಯುವಾಗ ಚಪ್ಪಲಿ ಕಳಚಿಕೊಳ್ಳುತ್ತದೆ. ನೋವಿಲ್ಲ. ಫುಟ್ ಡ್ರಾಪ್ ಅಂದರು. ದಿನಾ ಫಿಸಿಯೋಥೆರಪಿಯಲ್ಲಿ ಮೆಷಿನ್‌ನಿಂದ ಕಾಲಿಗೆ ಕರೆಂಟ್ ಕೊಡಿಸುತ್ತಿದ್ದೇವೆ, ಮನೆಯಲ್ಲಿ ಎಣ್ಣೆ ಹಾಕಿ ತಿಕ್ಕಿ ಬಿಸಿನೀರಿನ ಶಾಖ ಕೊಡುತ್ತೇವೆ. ಇನ್ನೂ ಎಷ್ಟು ದಿನ?

ಉತ್ತರ: ಕರೆಂಟಿನ ಲೆಕ್ಕ ಆಮೇಲೆ. ನರಕ್ಕೆ ಪೆಟ್ಟಾಗಿರುವುದು ಎಲ್ಲಿ ಅಂತ ಯಾರಾದರೂ ನೋಡಿದರಾ? ಹೀಗೆ ಕೇಳುವವರ ಪತ್ರಗಳಲ್ಲಿ ಅದೊಂದೇ ಇರುವುದಿಲ್ಲ.

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಯ ಗುಬುಟು ಇದೆಯಲ್ಲ, ಅದರ ಕೆಳಗೇ ನರ ಮೂಳೆಯನ್ನು ಸುತ್ತಿ ಹೋಗುತ್ತದೆ, ಮೇಲೆ ಹೆಚ್ಚುಕಡಿಮೆ ಬರೀ ಚರ್ಮ. ಗಂಟೆಗಟ್ಟಲೆ ಕಾಲ ಮೇಲೆ ಕಾಲು ಹಾಕಿ ಕೂತರೆ, ಕುಕ್ಕರುಗಾಲಲ್ಲಿ ಕೆಲಸ ಮಾಡಿದರೆ, ಪ್ಲಾಸ್ಟರ್ ಬಿಗಿಯಾದರೆ, ಕಾಯಿಲೆಯಲ್ಲಿ ಸೊರಗಿ ಹಾಸಿಗೆ ಹಿಡಿದರೆ ಅಲ್ಲಿ ಒತ್ತಿಹೋಗುತ್ತದೆ. ಸೊಂಟದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಲ್ಲಿಂದ ಕಾಲಿಗಿಳಿಯುವ ಎಲ್5 ಅನ್ನುವ ನರದ ಬುಡ ಒತ್ತಿದರೂ ಪಾದ ಹೀಗೇ ಬೀಳುತ್ತದೆ. ಪೃಷ್ಠಕ್ಕೆ ತಪ್ಪು ಜಾಗದಲ್ಲಿ ಚುಚ್ಚಿದ ಇಂಜೆಕ್ಷನ್‌ನಿಂದಲೂ, ಸ್ಟ್ರೋಕ್‌ನಿಂದಲೂ ಅಷ್ಟೇ. ಎಲ್ಲರಿಗೂ ಒಂದೇ ಕರೆಂಟ್ ಅಂದರೆ ಹೇಗೆ?

ನಾನು ಮೊದಲು ಪಾದವನ್ನು ಕೈಯಲ್ಲಿ ಎತ್ತಿ ಹಿಡಿದು, ನನ್ನ ಕೈಗೆ ಎದುರಾಗಿ ಒಳಗೆ ತಿರುಗಿಸಿ ಅನ್ನುತ್ತೇನೆ. ಅದು ಗಟ್ಟಿಯಾಗಿದ್ದರೆ ಅನುಮಾನ ಮಂಡಿಯ ಕಡೆ. ಅದೂ ಸೋತಿದ್ದು, ಮಗ್ಗುಲಾಗಿ ಮಲಗಿ ಇಡೀ ಕಾಲನ್ನು ಮೇಲೆತ್ತಲೂ ಕಷ್ಟವಾದರೆ ಸೊಂಟದ ಕಡೆ. ಎರಡು ನಿಮಿಷದ ಕೆಲಸ. ಮೂರು ವಾರ ದಾಟಿರುವುದರಿಂದ ಎನ್‌ಸಿವಿ (ನರದ ಪರೀಕ್ಷೆ), ಇಎಂಜಿ (ಸ್ನಾಯುವಿನ ಪರೀಕ್ಷೆ) ಪೆಟ್ಟು ಎಲ್ಲಿ ಅಂತ ಈಗ ಸರಿಯಾಗಿ ಗೊತ್ತು ಮಾಡುತ್ತವೆ. ನರರೋಗ ತಜ್ಞರ ಹತ್ತಿರ ಹೋಗಿ ಮಾಡಿಸಿ.

ಕರೆಂಟ್ ಸುಳ್ಳಲ್ಲ. ಸ್ಟ್ರೋಕ್ ಆದವರಿಗೆ ಕಾಲಿನ ನರ ಚೆನ್ನಾಗೇ ಇರುತ್ತದೆ, ನಡೆಯುವಾಗ ಅದಕ್ಕೆ ಕರೆಂಟ್ ಕೊಟ್ಟರೆ ಪಾದ ಏಳುತ್ತದೆ. ನರವೇ ಹಾಳಾಗಿದ್ದರೆ ಮಾಮೂಲಿ ಮೆಷಿನ್‌ಗೆ ಸ್ನಾಯು ಮಿಸುಕುವುದೂ ಇಲ್ಲ, ಬೇರೆ ಬಗೆಯ ಕರೆಂಟ್ ಬೇಕು. ಆ ಕರೆಂಟಿಗೆ ಸ್ನಾಯು ಕುಣಿಯಿತು ಅಂತ ನರ ಚಿಗುರಿತು ಅಂದುಕೊಳ್ಳಬೇಡಿ. ಬರೀ ಒತ್ತಿದ ನರ ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ತಾನಾಗೇ ಚೇತರಿಸಿಕೊಳ್ಳಬಹುದು. ಒಳಗಿನ ಎಳೆ ಹರಿದಿದ್ದರೆ ಅದು ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಮೂರು ತಿಂಗಳಾದರೂ ಒಂಚೂರೂ ಅಲುಗಾಡದಿದ್ದರೆ ಸರ್ಜನ್‌ಗೆ ತೋರಿಸಿ, ಇನ್ನೊಂದು ಕೋರ್ಸ್ ಕರೆಂಟ್ ಅಂತ ಕೂರಬೇಡಿ.

ಅಲ್ಲಿಯವರೆಗೆ ಫಿಸಿಯೋಥೆರಪಿಯ ನಿಜವಾದ ಕೆಲಸ ಹಿಮ್ಮಡಿಯ ಮೇಲಿನ ನರ ಬಿಗಿಯದಂತೆ ನೋಡಿಕೊಳ್ಳುವುದು. (ನರ ಅಂತ ಎಲ್ಲರೂ ಅನ್ನುತ್ತಾರೆ, ಅದು ಸ್ನಾಯುವಿನ ಹುರಿ.) ಅದು ಬಿಗಿದರೆ, ಬಲ ವಾಪಸ್ ಬಂದರೂ ಪಾದ ಏಳುವುದಿಲ್ಲ. ಮಂಡಿ ನೇರ ಇಟ್ಟು, ಅಂಗಾಲಿಗೆ ಟವೆಲ್ ಹಾಕಿ ತನ್ನ ಕಡೆ ಎಳೆದು 30 ಸೆಕೆಂಡ್ ಹಿಡಿಯಲಿ, ದಿನಕ್ಕೆ ನಾಲ್ಕೈದು ಸರ್ತಿ. ನಡೆಯುವಾಗ ಪಾದ ಬೀಳದಂತೆ ಹಿಡಿಯುವ ಸ್ಪ್ಲಿಂಟ್, ಅಂದರೆ ಎಎಫ್‌ಓ, ಶೂ ಒಳಗೆ ಹಾಕಲಿ. ಅದು ಅಭ್ಯಾಸವಾಗಿ ಕಾಲು ಸೋಲುತ್ತದೆ ಅಂತ ಬಿಚ್ಚಿಟ್ಟು, ಎಡವಿ ಬಿದ್ದು, ಕೈ ಮುರಿದುಕೊಂಡು ಬರುವವರನ್ನು ನೋಡಿ ನನಗೆ ಸಾಕಾಗಿದೆ. ಒಂದೇ ಎಚ್ಚರ, ಅದರ ಮೇಲಿನ ಪಟ್ಟಿ ಮಂಡಿಯ ಹೊರಬದಿಯ ಆ ಗುಬುಟಿನ ಮೇಲೆ ಒತ್ತಬಾರದು.

ವ್ಯಾಯಾಮ ಅಂತ ಮೊದಲ ದಿನವೇ ರಬ್ಬರ್ ಬ್ಯಾಂಡ್ ಬೇಡ. ಪಾದ ಎತ್ತಲು ಪ್ರಯತ್ನಿಸಲಿ, ನೀವು ಕಣಕಾಲಿನ ಮುಂಭಾಗ ನೋಡುತ್ತಿರಿ. ಚರ್ಮದಡಿ ಹುರಿ ಒಂದು ಚೂರು ಎದ್ದು ಕಂಡರೆ ಬಲ ಬರುತ್ತಿದೆ ಅಂತ. ಆಗ ಮಗ್ಗುಲಾಗಿ ಮಲಗಿಸಿ ಮಾಡಿಸಿ, ಆಮೇಲೆ ಕೂರಿಸಿ, ಬ್ಯಾಂಡ್ ಕೊನೆಗೆ.

ಎಣ್ಣೆ ಬೇಕಾದರೆ ಹಚ್ಚಿ, ಆದರೆ ಮಂಡಿಯ ಹೊರಬದಿ ತಿಕ್ಕಬೇಡಿ. ಶಾಖ ನಿಲ್ಲಿಸಿ. ಪಾದದ ಮೇಲ್ಭಾಗ ಜೋಮು ಹಿಡಿದಿರಬಹುದು, ಆಗ ಬೊಬ್ಬೆ ಎದ್ದಿದ್ದೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಒಬ್ಬರು ಜಾರಿದ ನರವನ್ನು ಎಳೆದು ಕೂರಿಸುತ್ತಾರಂತೆ, ಹೋಗಬಹುದಾ?

ಉತ್ತರ: ಬೇಡ. ನರ ಜಾರುವುದೂ ಇಲ್ಲ, ಕೂರುವುದೂ ಇಲ್ಲ. ಎಳೆದರೆ ಇನ್ನಷ್ಟು ಕೆಡುತ್ತದೆ, ಅಷ್ಟೇ.

ಪ್ರಶ್ನೆ: ಬಿ12 ಮಾತ್ರೆ ಸಾಕಾ?

ಉತ್ತರ: ರಕ್ತದಲ್ಲಿ ಬಿ12 ಕಡಿಮೆ ಇದ್ದರೆ ತಗೊಳ್ಳಿ. ಒತ್ತಿದ ನರವನ್ನು ಮಾತ್ರೆ ಬಿಡಿಸುವುದಿಲ್ಲ.

ಪ್ರಶ್ನೆ: ಬೆನ್ನುನೋವಿತ್ತು. ನಿನ್ನೆಯಿಂದ ಎರಡೂ ಪಾದ ಸೋತಿವೆ, ಮೂತ್ರ ಕಟ್ಟಿದೆ. ಯಾವ ವ್ಯಾಯಾಮ ಮಾಡಲಿ?

ಉತ್ತರ: ಯಾವುದೂ ಅಲ್ಲ! ತಕ್ಷಣ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಬೇಕಾಗಬಹುದು. ಇಂಥದ್ದನ್ನೆಲ್ಲ ನನಗೆ ಬರೆದು ಉತ್ತರಕ್ಕೆ ಕಾಯುತ್ತಾ ಕೂರಬೇಡಿ.