ಸಂಪಾದಕರ ಉತ್ತರ: ಹದಿನೈದು ಮೀಟರಿನ ದಂಡ

ಮಾನ್ಯರೇ,

ಐರ್ಲೆಂಡಿನಿಂದ ಹೋಗಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿದ ಜಿಮ್ ಸ್ಟೈನ್ಸ್ ಅವರ ಬಗೆಗಿನ ನಮ್ಮ ಲೇಖನ ಓದಿ ತಾವು ಎರಡು ಆಕ್ಷೇಪ ಎತ್ತಿದ್ದೀರಿ: ಒಂದು ಕಡೆ 244, ಇನ್ನೊಂದು ಕಡೆ 264 ಪಂದ್ಯ ಎಂದಿರುವುದೇಕೆ, ಮತ್ತು ತಮ್ಮದೇ ತಪ್ಪಿನಿಂದ ತಂಡವನ್ನು ಸೋಲಿಸಿದವರಿಗೆ ಇಷ್ಟೊಂದು ಪುಟಗಳೇಕೆ. ಮೊದಲನೆಯದು ನಮ್ಮ ಲೋಪ. ಅವರು ಆಡಿದ್ದು ಒಟ್ಟು 264 ಪಂದ್ಯ. ಅವುಗಳಲ್ಲಿ ನಡುವೆ ಒಂದನ್ನೂ ಬಿಡದೆ ಆಡಿದ್ದು 244. ‘ಸತತ’ ಎಂಬ ಪದ ಅಚ್ಚಿನಲ್ಲಿ ಬಿಟ್ಟುಹೋಗಿದೆ.

ಎರಡನೆಯದಕ್ಕೆ ಸ್ವಲ್ಪ ವಿವರ ಬೇಕು. 1987ರ ಪ್ರಿಲಿಮಿನರಿ ಫೈನಲ್‌ನಲ್ಲಿ, ಅಂದರೆ ಗೆದ್ದವರು ಅಂತಿಮ ಪಂದ್ಯಕ್ಕೆ ಹೋಗುವ ಪಂದ್ಯದಲ್ಲಿ, ವೇವರ್ಲಿ ಪಾರ್ಕ್ ಮೈದಾನದಲ್ಲಿ, ಕೊನೆಯ ಸೈರನ್ ಕೂಗಿದಾಗ ಸ್ಟೈನ್ಸ್ ಅವರ ಮೆಲ್ಬರ್ನ್ ತಂಡ ಹಾಥಾರ್ನ್‌ಗಿಂತ ನಾಲ್ಕು ಅಂಕ ಮುಂದಿತ್ತು. ಆದರೆ ಹಾಥಾರ್ನ್‌ನ ಗ್ಯಾರಿ ಬಕೆನಾರಾ ಅವರಿಗೆ ಫ್ರೀ ಕಿಕ್ ಬಾಕಿಯಿತ್ತು, ಗೋಲು ಬಹಳ ದೂರವಿತ್ತು. ಒದೆಯುವವನಿಗೂ ಅವನೆದುರು ಗುರುತಿನ ಮೇಲೆ ನಿಂತ ಎದುರಾಳಿಗೂ ನಡುವಿನ ಜಾಗದಲ್ಲಿ ಯಾರೂ ಅಡ್ಡ ಹಾಯಬಾರದೆಂಬುದು ಆ ಆಟದ ನಿಯಮ. ಸ್ಟೈನ್ಸ್ ಹಾದುಹೋದರು. ದಂಡವಾಗಿ ಅಂಪೈರ್ ಒದೆಯುವ ಜಾಗವನ್ನು ಗೋಲಿನತ್ತ ಹದಿನೈದು ಮೀಟರ್ ಮುಂದಕ್ಕೆ ಕೊಟ್ಟರು, ಬಕೆನಾರಾ ಆರು ಅಂಕದ ಗೋಲು ಹೊಡೆದರು, ಮೆಲ್ಬರ್ನ್ ಎರಡು ಅಂಕಗಳಿಂದ ಸೋತಿತು. ಮರುವರ್ಷ ಆ ದಂಡವನ್ನು ಐವತ್ತು ಮೀಟರಿಗೆ ಏರಿಸಲಾಯಿತು. ಡಬ್ಲಿನ್‌ನಲ್ಲಿ ದುಂಡು ಚೆಂಡಿನ ಗೇಲಿಕ್ ಫುಟ್‌ಬಾಲ್ ಆಡಿ ಬೆಳೆದು, ಪತ್ರಿಕೆಯ ಜಾಹೀರಾತು ನೋಡಿ ಹದಿನೆಂಟರ ಹರೆಯದಲ್ಲಿ ಮೆಲ್ಬರ್ನಿಗೆ ಬಂದವರು ಅವರೆಂಬುದು ನಿಜ. ಆದರೆ ಬಂದು ಮೂರು ವರ್ಷವಾಗುತ್ತ ಬಂದಿದ್ದರಿಂದ ನಿಯಮ ತಿಳಿಯದು ಎನ್ನುವ ನೆಪ ಸಾಲದು. ತಪ್ಪು ಅವರದೇ, ಈ ಮಾತಿನಲ್ಲಿ ನಾವು ತಮ್ಮ ಕಡೆಯವರು.

ನಮಗೆ ಮುಖ್ಯವಾಗಿ ಕಂಡದ್ದು ಆಮೇಲಿನ ಹನ್ನೊಂದು ವರ್ಷ. ಆರೂವರೆ ಅಡಿ ಎತ್ತರದ ರಕ್‌ಮನ್ ಎಂದರೆ ಅಂಪೈರ್ ಚಿಮ್ಮಿಸಿದ ಚೆಂಡನ್ನು ಹಾರಿ ತಟ್ಟಿ, ಉಳಿದ ಓಟವನ್ನು ಕುಳ್ಳರಿಗೆ ಬಿಡುವವನು ಎಂಬ ರೂಢಿಯಿದ್ದಾಗ ಸ್ಟೈನ್ಸ್ ಚೆಂಡಿನ ಬೆನ್ನುಹತ್ತಿ ಇಡೀ ಮೈದಾನ ಓಡಿದರು. 1991ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೊ ಪದಕ ಅವರಿಗೆ ಬಂತು. ಅದಕ್ಕೆ ಪ್ರತಿ ಪಂದ್ಯದ ಕೊನೆಯಲ್ಲಿ ಮತ ಹಾಕುವವರು ಅಂಪೈರ್‌ಗಳು. ತಮ್ಮಂಥ ಕಟ್ಟುನಿಟ್ಟಿನ ಓದುಗರಿಗೆ ಈ ವಿವರ ರುಚಿಸಬಹುದು.

1994ರಲ್ಲಿ ಗೆಳೆಯ ಪಾಲ್ ಕರಿ ಅವರೊಡನೆ ಹದಿಹರೆಯದವರಿಗಾಗಿ ‘ರೀಚ್’ ಸಂಸ್ಥೆ ಕಟ್ಟಿದರು, 1998ರಲ್ಲಿ ನಿವೃತ್ತರಾದರು. 2008ರಲ್ಲಿ ಅದೇ ಮೆಲ್ಬರ್ನ್ ಕ್ಲಬ್ ಸಾಲದಲ್ಲಿ ಮುಳುಗಿದ್ದಾಗ ಅಧ್ಯಕ್ಷಗಿರಿ ಹೊತ್ತರು. ಮರುವರ್ಷ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆ ಪಡೆಯುತ್ತಲೇ ದೇಣಿಗೆ ಕೂಟಗಳನ್ನು ನಡೆಸಿ ಸಾಲ ತೀರಿಸುವ ಕೆಲಸ ಮುಂದುವರಿಸಿದರು. 2012ರ ಮಾರ್ಚ್ 20ರಂದು, 45ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ವಿಕ್ಟೋರಿಯಾ ರಾಜ್ಯ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಿತು.

ಇಷ್ಟಾಗಿಯೂ 1987ರ ಆ ಸೋಲಿಗೆ ಲೇಖನದಲ್ಲಿ ನಾವು ಕೊಟ್ಟದ್ದು ಒಂದೇ ಸಾಲು. ಅದು ಸಾಲದಾಯಿತೆಂದು ಒಪ್ಪುತ್ತೇವೆ.

— ಸಂ.